ನಿಲ್ರಿ, ಅಲುಗಾಡಬ್ಯಾಡ್ರಿ

ಬಸ್ ಸ್ಟ್ಯಾಂಡ್ ಗೋಡೆಯ ‘21 ದಿನದಲ್ಲಿ 10 ಕಿಲೋ’ ಪೋಸ್ಟರ್ ನಿಮಗೂ ಗೊತ್ತಿದ್ದದ್ದೇ. ಮೇಲೆ ಜಾತ್ರೆಯ ಪೋಸ್ಟರ್ ಬಡಿದರೂ ಅದು ಇಣುಕುವುದು ಬಿಡುವುದಿಲ್ಲ. ಎದುರಿನ ಮೆಡಿಕಲ್ ಅಂಗಡಿ ಕಟ್ಟೆಯ ಮೇಲಿರುವ ತೂಕದ ಮಷೀನಿಗೆ ದಿನವಿಡೀ ಅದರದ್ದೇ ದರ್ಶನ. ಆಲಮೇಲದ ಈ ಹಿರಿಯರನ್ನು ಮಾತಿಗೆಳೆದೆವು.

ಆ ಪೋಸ್ಟರ್ ಬಗ್ಗೆ ಏನಂತೀರಿ?

ಮೊದಲ ಚಪ್ಪಲಿ ಬಿಚ್ರಿ. ಮಂದಿ ಬೂಟ್ ಹಾಕ್ಕೊಂಡು, ಕಿಸೆದಾಗ ಬೈಕಿನ ಚಾವಿ ಇಟ್ಕೊಂಡು, ಕಂಬ ಹಿಡದು ನಿಲ್ತಾರ. ಜಾಸ್ತಿ ಬಂದ್ರ ‘ಕಾಟಾ ಕೆಟ್ಟದ’ ಅಂತಾರ. ಕಡಿಮಿ ಬಂದಾಗ ಒಬ್ಬರರ ಹಂಗಂದಾರೇನು?

ಕಾಟಾ ಅಂದಿರಿ, ನೆನಪಾಯಿತು. ಕಬ್ಬಿನ ಕಾಟಾದಲ್ಲಿ ಮೋಸ ಅಂತ ರೈತರು ವರ್ಷಾ ಹೊಯ್ಕೊಳ್ತಾರಲ್ಲ?

ಅವ ನಮ್ಮ ದೊಡ್ಡಪ್ಪ. ಮನಿ ಮಾತು ಹೊರಗ ಆಡಂಗಿಲ್ಲ. ಮತ್ತ ಕೆಲವರು ಮುಂಜಾನೆ ಒಮ್ಮೆ, ಊಟ ಆದಮ್ಯಾಲ ಒಮ್ಮೆ ಏರ್ತಾರ. ನೀರು, ಉಪ್ಪು, ಊಟ ಇಷ್ಟರಾಗ ದಿನದಾಗ ಒಂದೆರಡು ಕಿಲೋ ಹಿಂದ ಮುಂದ ಆಗೇ ಆಗ್ತದ. ವಾರಕ್ಕೊಮ್ಮೆ, ಹೊಟ್ಟಿ ಖಾಲಿ ಇದ್ದಾಗ ಬರ್ರಿ ಅಂದ್ರ ಕೇಳವರ್ಯಾರು?

ಹಾಗಾದರೆ 10 ಕಿಲೋಗೆ ಎಷ್ಟು ದಿನ?

ಕಿಲೋ ಕೊಬ್ಬಂದ್ರ 7,700 ಕ್ಯಾಲೊರಿ. 21 ದಿನದಾಗ 10 ಕಿಲೋ ಕೊಬ್ಬು ಕರಗಬೇಕಂದ್ರ ದಿನಕ್ಕ 3,600ಕ್ಕೂ ಮ್ಯಾಲ ಕೊರತಿ ಬೀಳಬೇಕು. ಸಾದಾ ಮನಷ್ಯಾ ದಿನಕ್ಕ ಖರ್ಚು ಮಾಡೂದ 2,000, 2,500ರ ಆಸುಪಾಸು. ರೊಟ್ಟಿ ಪೂರಾ ಬಿಟ್ಟು ಗಾಳಿ ಕುಡದ್ರೂ ಲೆಕ್ಕ ಕೂಡಂಗಿಲ್ಲ. ಮೊದಲ ವಾರ ಸರ್ರನೆ ಇಳಿಯೂದು ಬಹಳಷ್ಟು ನೀರು. ಪೌಡರ್ ಮಾರಾವ ಅದರದ ಫೋಟೊ ತಗೀತಾನ. ಆಮ್ಯಾಲ ವಾರಕ್ಕ ಅರ್ಧ ಕಿಲೋ, ಭಾಳಂದ್ರ ಒಂದು. ನಡುವ ಮುಳ್ಳು ನಿಂತ ಬಿಡ್ತದ, ಹಗುರಾದ ಮೈಗೆ ಖರ್ಚೂ ಕಡಿಮಿ ನೋಡ್ರಿ. ಸೀಗಿ ಹುಣ್ಣಿಮಿ, ಎಳ್ಳ ಅಮಾಸಿ, ಎರಡು ಮದುವಿ ಹಿಡೀರಿ. ಆರೇಳು ತಿಂಗಳು. ತೂಕ ಇಳಿಸೂ ಮೌಂಜಾರೊ ಸೂಜಿ 2025ರಾಗ ನಮ್ಮ ದೇಶಕ್ಕ ಬಂತು. ಅದರ ಪರೀಕ್ಷಾದಾಗೂ ದೊಡ್ಡ ಡೋಸಿನವರು ಸರಾಸರಿ ನೂರಕ್ಕ 20ರಷ್ಟು ಇಳದದ್ದು 72 ವಾರಕ್ಕ. ಕಬ್ಬು ಹಚ್ಚಿ ವರ್ಷಗಟ್ಟಲೆ ಕಾಯೂ ಮಂದಿ ಹೊಟ್ಟಿಗೆ ಮಾತ್ರ ಮೂರು ವಾರದ ಗಡುವು ಕೊಡ್ತಾರ.

ಕಬ್ಬಂದಿರಿ! 2025ರ ನವೆಂಬರ್‌ನಲ್ಲಿ ಬೀದಿಗಿಳಿದು ಟನ್ನಿಗೆ 3,300 ಮಾಡಿಸಿಕೊಂಡೆವು. ಟನ್ನೇ ಪೂರಾ ಇರದಿದ್ದರೆ?

ನಿಮ್ಮದು ಆಮ್ಯಾಲ. ಹೋದ ವಾರ ಒಬ್ಬಾಕಿ ಹುಡುಗಿ ಬಂದಿದ್ಲು. ನೋಡಾಕ ಬರಾವರಿದ್ರಂತ. ಎರಡು ದಿನದಿಂದ ಬರೇ ಚಾ ಮ್ಯಾಲ ಇದ್ಲು. 46 ಬಂತು. ಹಿಂದಿನಿಂದ ಅವರ ಅತ್ತಿ, ‘ಇನ್ನೆರಡು ಇಳೀಲಿ’ ಅಂದ್ರು. ಹುಡುಗಿ ಕಂಬ ಹಿಡಕೊಂಡ್ಲು. ಕಳ್ಳತೂಕಕ್ಕಲ್ಲ, ಕಣ್ಣು ಕತ್ತಲಿ ಬಂದಿತ್ತು. 2019–20ರ ಕುಟುಂಬ ಆರೋಗ್ಯ ಸಮೀಕ್ಷಾದಾಗ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಮಕ್ಕಳೊಳಗ ನೂರಕ್ಕ 47.8 ಮಂದಿಗೆ ರಕ್ತ ಕಡಿಮಿ. ಆ ಪೋಸ್ಟರ್ ಯಾರಿಗೆ ಅಂಟಿಸ್ಯಾರ್ರಿ? ಆಕಿಗೇನು? ನನಗ ಕಾಲಿದ್ದಿದ್ರ ಹೋಗಿ ಹರದು ಬರ್ತಿದ್ದೆ.

(ಸ್ವಲ್ಪ ಹೊತ್ತು ಬಿಟ್ಟು) ಸಕ್ಕರೆ ಸಚಿವ ಶಿವಾನಂದ ಪಾಟೀಲರು ಕಾರ್ಖಾನೆಗಳ ಹತ್ತಿರ ಸರ್ಕಾರದ್ದೇ ಕಾಟಾ ಹಾಕಿಸ್ತೀವಿ ಅಂದಿದ್ದರು...

ದೊಡ್ಡಪ್ಪನ್ನ ಕೇಳ್ರಿ. ನಿಮ್ಮ ಹಿಂದ ಮಂದಿ ನಿಂತಾರ, ಇಳೀರಿ.

ನನ್ನದೆಷ್ಟು ಬಂತು?

94. ಕೈಚೀಲದಾಗಿನ ಮಿರ್ಚಿ ಭಜಿ ಹಿಡದು.