ಆಯಿಯ ಎಲುಬು, ಮೊಮ್ಮಗಳ ಪಾಠ

ನರ್ಸಿಂಗ್ ಸೀಟು ಸಿಕ್ಕರೆ ಗೆದ್ದಂತೆಯೇ ಎಂದು ತೆಂಗಳಿಯಲ್ಲಿ ಪೇಢೆ ಹಂಚಿಬಿಡುತ್ತಾರೆ. ಅಸಲಿ ಪಂಚಾಯ್ತಿ ಆಮೇಲೆ. ಬಿ.ಎಸ್ಸಿ. ನರ್ಸಿಂಗಿನ ಮೊದಲ ಸೆಮಿಸ್ಟರಿಗೇ ಅನಾಟಮಿ, ಫಿಸಿಯಾಲಜಿ ಅಡ್ಡಗಟ್ಟಿ ನಿಂತಿರುತ್ತವೆ. ಅದಕ್ಕೇ ನಮ್ಮ ಓಣಿಯ ಹುಡುಗಿ ಕಾಲೇಜು ಶುರುವಾಗುವ ಮೊದಲೇ ಅಜ್ಜಿಯ ಮೈಮೇಲೆ ಅಭ್ಯಾಸ ನಡೆಸಿದ್ದಾಳೆ.

ತೊಗರಿಬೇಳೆ ಹಸನು ಮಾಡುತ್ತ ಕೂತ ಅಜ್ಜಿಯ ಮುಂಗೈ ಹಿಡಿದು, "ಹೆಬ್ಬೆರಳ ಕಡಿ ರೇಡಿಯಸ್, ಕಿರಿಬೆರಳ ಕಡಿ ಅಲ್ನಾ. ಮಣಿಕಟ್ಟಿನ್ಯಾಗ ಎಂಟು ಎಲುಬು ಅದಾವ, ಆಯಿ."

"ಎಂಟೂ ನೋಯ್ತಾವ. ಅದನ್ನೂ ಬರಕೋ."

ದೊಡ್ಡವರಿಗೆ 206 ಎಲುಬು, ಹುಟ್ಟಿದ ಕೂಸಿಗೆ ಸುಮಾರು 300 ಎಂದಾಗ ಅಜ್ಜಿ ಗಾಬರಿ: "ಉಳಿದವು ಎಲ್ಲಿ ಹೋದವು?" ಬೆಳೆಯುತ್ತ ಒಂದಕ್ಕೊಂದು ಕೂಡಿಕೊಳ್ಳುತ್ತವೆ ಎಂದರೂ ನಂಬಲಿಲ್ಲ.

ಕ್ಯಾಲ್ಸಿಯಂ ಪಾಠ ಮಾತ್ರ ಈ ಸೀಮೆಯವರಿಗೆ ಸಲೀಸು. ಶಹಾಬಾದಿನ ಪರ್ಸಿ, ವಾಡಿಯ ಸಿಮೆಂಟು, ಎರಡರ ಮೂಲವೂ ಸುಣ್ಣದಕಲ್ಲೇ. ಎಲುಬಿನೊಳಗೂ ಕ್ಯಾಲ್ಸಿಯಂ ಇದೆ ಎಂದದ್ದೇ ತಡ, ಅಜ್ಜಿ ಎಲೆಗೆ ಇನ್ನಷ್ಟು ಸುಣ್ಣ ಸವರಿದಳು. ಮುಂದೆ ಹಲ್ಲಿನ ಪಾಠವಂತೆ. ಪುಸ್ತಕದಲ್ಲಿ 32, ಅಜ್ಜಿಯ ಬಾಯಲ್ಲಿ ಮೂರು, ಅವೂ ಒಂದನ್ನೊಂದು ಮಾತಾಡಿಸುವುದಿಲ್ಲ.