ಫಾರಿನ್ ಸರ್ ಹೊರಟಿದ್ದಾರೆ

ಶಹಾಪುರದ ಬಸ್ ನಿಲ್ದಾಣದ ಎದುರು ಚಹಾ ಹಿಡಿದು ನಿಂತವರಲ್ಲಿ ಇಬ್ಬರು ಮಾತ್ರ ಮೋಡದ ಕಡೆ ನೋಡುತ್ತಾರೆ. ಒಬ್ಬ, ತೊಗರಿ ಬಿತ್ತಿದವನು. ಇನ್ನೊಬ್ಬರು ಫಾರಿನ್ ಸರ್. ತೊಗರಿಯವನಿಗೆ ಈ ಮೋಡ ಇಲ್ಲಿ ಸುರಿದೀತೇ ಎಂಬ ಚಿಂತೆ. ಸರ್‌ಗೆ ಅದೇ ಹೊತ್ತಿಗೆ ಬಾಲಿಯಲ್ಲಿ ಸುರಿಯುತ್ತಿದೆಯೇ ಎಂಬ ಚಿಂತೆ.

ಸರ್ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾರೆ. ಫಾರಿನ್ ನೋಡಿದವರಲ್ಲ. ನೋಡುತ್ತೇನೆಂದು ಹೇಳಿ ಹೇಳಿಯೇ ಆ ಹೆಸರು ಗಳಿಸಿದವರು. ಕಲಬುರಗಿಗೆ ಹೋಗಿ ಮಾಡಿಸಿದ ಮೊದಲ ಪಾಸ್‌ಪೋರ್ಟು 36 ಪುಟಗಳಲ್ಲಿ ಒಂದು ಠಸ್ಸೆಯನ್ನೂ ಕಾಣದೆ, ಹತ್ತು ವರ್ಷದ ಆಯುಷ್ಯ ಮುಗಿಸಿ, ಕನ್ಯೆಯಾಗಿಯೇ ತೀರಿಕೊಂಡಿತು. ಎರಡನೆಯದರ ಫೋಟೊದಲ್ಲಿ ತಲೆಗೂದಲಿಲ್ಲ.

ಅವರ ಆಸೆ ದೊಡ್ಡದೇನಲ್ಲ. "ಒಬ್ಬನೇ ಹೋಗೋದು, ಆರಾಮ ಕೂಡೋದು, ಏನೂ ನೋಡಂಗಿಲ್ಲ." ತೊಡಕು ಶುರುವಾಗುವುದು 'ಒಬ್ಬನೇ' ಎಂಬಲ್ಲಿ. ಯುಗಾದಿ ಹತ್ತಿರ ಬಂದರೆ ಊರಿಗೆ ಊರೇ ಶ್ರೀಶೈಲಕ್ಕೆ ನಡೆದು ಹೊರಡುವ, ಸಂಕ್ರಾಂತಿಗೆ ಟ್ರ್ಯಾಕ್ಟರ್ ತುಂಬಿ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೋಗುವ ಸೀಮೆ ಇದು. ಇಲ್ಲಿ ಹಲ್ಲು ಕೀಳಿಸಲಿಕ್ಕೂ ನಾಲ್ಕು ಮಂದಿ ಜೊತೆಗೆ ಹೋಗುತ್ತಾರೆ. ಹಾಗಾಗಿ ಕೇಳಿದವರೆಲ್ಲ ದನಿ ತಗ್ಗಿಸಿ, "ಮನ್ಯಾಗ ಏನರ ಆಗ್ಯದೇನ್ರಿ ಸರ್?" ಎನ್ನುತ್ತಾರೆ.

ಮನೆಯಲ್ಲಿ ಏನೂ ಆಗಿಲ್ಲ. ಅದೇ ಸರ್‌ಗೆ ಬೇಸರ. ಹೆಂಡತಿ ತಡೆದಾರು, ಕಣ್ಣೀರು ಹಾಕಿಯಾರು ಎಂದು ಅವರ ಎಣಿಕೆಯಿತ್ತು. ಆ ತಾಯಿ ಶೇಂಗಾ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿ, "ಜಲ್ದಿ ಹೋಗಿ ಬರ್ರಿ. ನನಗೂ ಎಂಟ್ ದಿನ ಒಬ್ಬಾಕೀನೇ ಇದ್ದಂಗಾಗ್ತದ, ಟಿಕೇಟಿನ ಖರ್ಚಿಲ್ಲ" ಎಂದುಬಿಟ್ಟರು. ಆ ಹಿಂಡಿ ಎಷ್ಟು ಸಲ ಮುಗಿದು ಎಷ್ಟು ಸಲ ಮತ್ತೆ ಕುಟ್ಟಿದರೋ.

ಹಾಗಾದರೆ ಅಡ್ಡ ಬಂದದ್ದು ಯಾರು? ಹವಾಮಾನ. ಸರ್ ಬಳಿ ಒಂದು ಉದ್ದನೆಯ ರಿಜಿಸ್ಟರ್ ಇದೆ. ಅದರಲ್ಲಿ ಜಗತ್ತಿನ ಮಳೆಯನ್ನೆಲ್ಲ ಅವರು ಅಪ್ಪನಿಂದ ಕಲಿತ ಮಳೆ ನಕ್ಷತ್ರಗಳ ಲೆಕ್ಕಕ್ಕೆ ಇಳಿಸಿದ್ದಾರೆ. ಜಪಾನಿಗೆ ಮೃಗಶಿರಾದಿಂದ ಪುನರ್ವಸುವಿನ ತನಕ ಜಿಟಿಜಿಟಿ. ಥಾಯ್ಲೆಂಡಿನ ಕೊ ಸಮುಯಿ ದ್ವೀಪಕ್ಕೆ ಸ್ವಾತಿ, ವಿಶಾಖ ಜೋರು. ಅದೇ ದೇಶದ ಇನ್ನೊಂದು ಮಗ್ಗುಲಿನ ಪುಕೆಟ್‌ನಲ್ಲಿ ಆ ಹೊತ್ತಿಗೆ ಮಳೆಗಾಲ ಕಂತುತ್ತಿರುತ್ತದೆ. ನಾರ್ವೆಯ ಬರ್ಗನ್ ಪಟ್ಟಣದಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಳೆ; ಅದರ ಮುಂದೆ ಸರ್, 'ಯಾವ ನಕ್ಷತ್ರಕ್ಕೂ ಹೊಂದುವುದಿಲ್ಲ' ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದಿದ್ದಾರೆ. ಭೂಗೋಳವನ್ನು ಇಷ್ಟು ಚೆನ್ನಾಗಿ ಯಾವ ಪಠ್ಯಪುಸ್ತಕದಲ್ಲೂ ನಾನು ಓದಿಲ್ಲ. ಮಕ್ಕಳಿಗೆ ಮಾತ್ರ ಅವರು ಗೈಡ್ ನೋಡಿ ಬರೆಸುತ್ತಾರೆ.

ರಿಜಿಸ್ಟರಿನ ಕೊನೆಗೆ ಆರಾಮಿನ ವೇಳಾಪಟ್ಟಿಯಿದೆ. 7.15ರವರೆಗೆ ಏಳಕೂಡದು. 10ರಿಂದ 12, ನಿಶ್ಚಿಂತೆ. 12ರಿಂದ 12.20, ಮನೆಗೆ ಫೋನು. ಮತ್ತೆ ನಿಶ್ಚಿಂತೆ.

ಇಷ್ಟೆಲ್ಲ ಇದ್ದೂ ಹೊರಡಲು ಒಂದು ತಿಂಗಳು ಒದಗಿ ಬರಲೊಲ್ಲದು. ಅವರ ತರ್ಕ ಹೀಗೆ: ಥಾಯ್ಲೆಂಡ್ ಚೆಂದವಾಗಿರುವುದು ನವೆಂಬರಿನಿಂದ ಫೆಬ್ರುವರಿಯವರೆಗೆ. ಆಗ ಯಾದಗಿರಿಯೂ ತಂಪು. "ನಮ್ಮೂರು ವರ್ಷಕ್ಕೊಮ್ಮೆ ಮನುಷ್ಯಾ ಇರೋಹಂಗ ಆಗಿರ್ತದ, ಅದನ್ನ ಬಿಟ್ಟು ಹೋಗಬೇಕೇನು?" ಏಪ್ರಿಲ್‌ನಲ್ಲಿ ಹೋಗೋಣವೆಂದರೆ ಅಲ್ಲೂ ಕಡುಬೇಸಿಗೆ. "ಬಿಸಿಲಿಗೆ ರೊಕ್ಕ ಯಾಕ ಕೊಡಬೇಕು? ಇಲ್ಲಿ ಪುಕ್ಕಟೆ ಅದ." ಜಪಾನಿನ ಚೆರ್ರಿ ಹೂವು? ಅದು ಟೋಕಿಯೊದಲ್ಲಿ ಮಾರ್ಚ್ ಕೊನೆಗೆ ಅರಳಿ ವಾರದಲ್ಲಿ ಉದುರುತ್ತದೆ. ಸರಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತು. ಬಾಲಿಯ ಒಣ ಹವೆ ಏಪ್ರಿಲಿನಿಂದ ಅಕ್ಟೋಬರು, ರಜೆಗೆ ಹೇಳಿ ಮಾಡಿಸಿದಂತಿದೆ. ಆದರೆ ಮೇ ತಿಂಗಳಲ್ಲಿ ಬೀಗರ ಮದುವೆಗಳು.

ಹವಾಮಾನ ನೋಡಿ ಊರು ಬಿಡುವವರು ಈ ಜಿಲ್ಲೆಯಲ್ಲೇನೂ ಕಡಿಮೆಯಿಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ, ಮುಂಬಯಿಗೆ ಗುಳೆ ಹೋಗುವವರ ಹತ್ತಿರ ರಿಜಿಸ್ಟರ್ ಇರುವುದಿಲ್ಲ. ಸುರಪುರದ ಆಚೆ ಬೋನಾಳ ಕೆರೆಗೆ ಚಳಿಗಾಲದಲ್ಲಿ ಹೊರದೇಶದ ಹಕ್ಕಿಗಳು ಬರುತ್ತವೆ. ಅವಕ್ಕೆ ವೀಸಾವೂ ಇಲ್ಲ, ವೇಳಾಪಟ್ಟಿಯೂ ಇಲ್ಲ. ಇದನ್ನೇ ಚಹಾದಂಗಡಿಯವನು ಇನ್ನೊಂದು ಬಗೆಯಲ್ಲಿ ಹೇಳಿದ: "ಟೇಲರ್ ಸಾಹೇಬ ಇಂಗ್ಲೆಂಡಿನ ತಂಪು ಬಿಟ್ಟು 1841ರಾಗ ಸುರಪುರಕ್ಕ ಬಂದ, ಬಂಗ್ಲೆ ಕಟ್ಟಿಸಿಕೊಂಡು ಹತ್ತು ವರ್ಷದ ಮ್ಯಾಲೆ ಇದ್ದ. ಆವಯ್ಯ ಹವಾ ನೋಡಿದ್ರ ಬರ್ತಿದ್ದನೇನ್ರಿ?" ಸರ್ ಗಂಭೀರವಾಗಿ, "ಅಂವಗ ಪಗಾರ ಇತ್ತು" ಎಂದರು.

ಅವರನ್ನು ನಿಜವಾಗಿ ಕಂಗೆಡಿಸಿದ್ದು ಶ್ರೀಲಂಕಾ. ಅಲ್ಲಿ ಎರಡು ಮಾನ್ಸೂನು. ಪಡುವಣ ಕರಾವಳಿ ನೆನೆಯುವಾಗ ಮೂಡಣ ಒಣಗಿರುತ್ತದೆ, ಮೂಡಣ ನೆನೆಯುವಾಗ ಪಡುವಣ. ಹೋಗದಿರಲು ನೆಪವೇ ಇಲ್ಲದ ದೇಶ! ಸರ್ ಎರಡು ದಿನ ಚಹಾಕ್ಕೆ ಬರಲಿಲ್ಲ. ಮೂರನೆಯ ದಿನ ಮುಖದಲ್ಲಿ ಕಳೆ. "ಎರಡೂ ಮಳಿ ನಡುವೆ ಸಂಧಿಕಾಲ ಇರ್ತದ್ರಿ, ಏಪ್ರಿಲ್ ಒಂದು, ಅಕ್ಟೋಬರ್ ಒಂದು. ದ್ವೀಪದ ತುಂಬ ಸಂಜಿಗೆ ಗುಡುಗು. ನಮ್ಮ ರಜಾ ಬೀಳೋದೂ ಅವಾಗೇ!" ಯಾರೋ ಟ್ರಿಂಕೋಮಲಿ ಮೇ ತಿಂಗಳಲ್ಲಿ ಒಣಗಿರುತ್ತದಲ್ಲ ಎಂದರು. ಅಲ್ಲಿ 34 ಡಿಗ್ರಿ ಎಂದರು ಸರ್. ಇಲ್ಲಿ 44 ಎಂದ ಅಂಗಡಿಯವನು. "ಬೀಗರ ಮದಿವಿ" ಎಂದು ಸರ್ ಬಟ್ಟಲು ಕೆಳಗಿಟ್ಟರು.

ಬರುವ ವರ್ಷ ಅವರಿಗೆ ಅರವತ್ತು, ನಿವೃತ್ತಿ. ಹನ್ನೆರಡೂ ತಿಂಗಳು ರಜೆ. ಪರೀಕ್ಷೆಯಿಲ್ಲ, ಮದುವೆಗಳೂ ಹೆಚ್ಚುಕಡಿಮೆ ಮುಗಿದಿವೆ. ಇನ್ನೇನು ಹೇಳುತ್ತಾರೋ ಎಂದು ನಾವೆಲ್ಲ ಕುತೂಹಲದಿಂದ ಇದ್ದೆವು. ಮೊನ್ನೆ ಹೊಸ ರಿಜಿಸ್ಟರ್ ಕೊಂಡು ತಂದರು. ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗುತ್ತ ಬಂದರೆ ಎಲ್ಲ ದೇಶದ ಮಳೆಯೂ ಏರುಪೇರಾಗುತ್ತದಂತೆ.

"ಎಲ್ ನಿನೊ ಅಂತ ಒಂದದರಿ" ಎಂದು ಕುರ್ಚಿ ಎಳೆದುಕೊಂಡರು ಸರ್. "ಅದು ಏನು ಮಾಡ್ತದೋ ನೋಡಿಕೊಂಡು ಹೊಂಡಬೇಕು."