ಅಸೈನ್‌ಮೆಂಟ್ ಮೀಮಾಂಸೆ ಅಥವಾ ಕೋಳಿ ಅಂಕಕ್ಕೆ ಬಿದ್ದ ಅಂಕ

ಯಾವ ಶಾಸ್ತ್ರಕ್ಕಾದರೂ ಅನುಬಂಧಗಳು ನಾಲ್ಕು: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ‘ಒಂದು ಗುಣಾತ್ಮಕ ಸಂಶೋಧನಾ ಲೇಖನದ ಸಾರಾಂಶ ಬರೆದು ವಿಮರ್ಶಿಸಿರಿ’ ಎಂಬ ವಿಧಿ ಎಂ.ಎ. ತರಗತಿಗಳಲ್ಲಿ ಬಹುಕಾಲದಿಂದ ಆಚರಣೆಯಲ್ಲಿದ್ದರೂ ಅದಕ್ಕೆ ಸೂತ್ರವಾಗಲಿ ವೃತ್ತಿಯಾಗಲಿ ಇಲ್ಲದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲವೆಂದು ಬಗೆದು ಈ ಕಿರುಗ್ರಂಥವನ್ನು ರಚಿಸಲಾಗಿದೆ. ಪ್ರಯೋಜನವನ್ನು ಮೊದಲೇ ಹೇಳಿ ಮುಗಿಸುವುದು ಕ್ಷೇಮ: ಇಂಟರ್ನಲ್ಸ್‌ನಲ್ಲಿ ಹತ್ತು ಅಂಕ.

ಸೂತ್ರ: ಓದದವನೇ ಅಧಿಕಾರಿ.

ವೃತ್ತಿ: ಓದಿದವನಿಗೆ ಸಂಶಯ ಹುಟ್ಟುತ್ತದೆ, ಸಂಶಯ ಹುಟ್ಟಿದವನು ಸೋಮವಾರದೊಳಗೆ ಬರೆದು ಮುಗಿಸಲಾರ. ಆದಕಾರಣ ಸಾರಾಂಶವನ್ನು ಲೇಖನದ ತಲೆಯ ಮೇಲಿರುವ ಸಾರಾಂಶದಿಂದಲೇ ತೆಗೆಯತಕ್ಕದ್ದು. ಪ್ರಾಚೀನರು ಸೀನಿಯರ್‌ಗಳ ಜೆರಾಕ್ಸನ್ನು ಆಶ್ರಯಿಸುತ್ತಿದ್ದರು, ನವ್ಯರು ಚಾಟ್‌ಜಿಪಿಟಿಯನ್ನು ಉಪಾಸಿಸುತ್ತಾರೆ. ಮಾರ್ಗ ಬೇರೆ, ಫಲ ಒಂದೇ.

ಇನ್ನು ವಿಷಯ. ಉದಾಹರಣೆಗೆ ಕ್ಲಿಫರ್ಡ್ ಗೀರ್ಟ್ಸ್ 1972ರಲ್ಲಿ ‘ಡೆಡಲಸ್’ ಪತ್ರಿಕೆಯಲ್ಲಿ ಪ್ರಕಟಿಸಿದ, ಬಾಲಿ ದ್ವೀಪದ ಕೋಳಿ ಅಂಕವನ್ನು ಕುರಿತ ‘ಡೀಪ್ ಪ್ಲೇ’ ಲೇಖನವನ್ನು ತೆಗೆದುಕೊಳ್ಳೋಣ. 1958ರ ಏಪ್ರಿಲ್‌ನಲ್ಲಿ ಗೀರ್ಟ್ಸ್ ದಂಪತಿ ಹಳ್ಳಿಯೊಂದಕ್ಕೆ ಬರುತ್ತಾರೆ. ಊರಿನವರು ಅವರನ್ನು ಕಂಡೂ ಕಾಣದಂತಿರುತ್ತಾರೆ. ಸುಮಾರು ಹತ್ತು ದಿನವಾದ ಮೇಲೆ ಶಾಲೆಗೆ ಹಣ ಕೂಡಿಸಲೆಂದು ಊರ ನಡುವೆಯೇ ಕೋಳಿ ಅಂಕ ನಡೆಯುತ್ತದೆ, ಪೊಲೀಸರ ದಾಳಿಯಾಗುತ್ತದೆ. ಎಲ್ಲರ ಜೊತೆ ಇವರೂ ಎದ್ದುಬಿದ್ದು ಓಡಿ ಯಾರದೋ ಅಂಗಳ ಹೊಕ್ಕರೆ, ಆ ಮನೆಯಾಕೆ ಕ್ಷಣದಲ್ಲಿ ಮೇಜು ಹಾಕಿ, ಬಟ್ಟೆ ಹಾಸಿ, ಚಹಾ ಇಟ್ಟು, ಬೆಳಗಿನಿಂದ ಹರಟುತ್ತ ಕೂತವರಂತೆ ಕೂರಿಸುತ್ತಾಳೆ. ಮರುದಿನದಿಂದ ಊರೆಲ್ಲ ಇವರಿಗೆ ತೆರೆದ ಬಾಗಿಲು. ಆಮೇಲೆ ಗೀರ್ಟ್ಸ್ 57 ಪಂದ್ಯಗಳ ಬಾಜಿ ಲೆಕ್ಕ ಹಿಡಿದು ಹೇಳುವುದಿಷ್ಟು: ಬಾಜಿ ದೊಡ್ಡದಾದಷ್ಟೂ ಅಲ್ಲಿ ಪಣವಾಗುವುದು ಹಣಕ್ಕಿಂತ ಮರ್ಯಾದೆ. ಕುಲದವನ ಕೋಳಿ ಕಣದಲ್ಲಿದ್ದರೆ ಎದುರು ಕೋಳಿಗೆ ಬಾಜಿ ಕಟ್ಟುವಂತಿಲ್ಲ. ಇಡೀ ಊರಿನ ಮೇಲುಕೀಳು ಆ ಕಣದಲ್ಲಿ ರೆಕ್ಕೆ ಕೆದರಿಕೊಂಡು ನಿಂತಿರುತ್ತದೆ.

ಶಾಸ್ತ್ರೋಕ್ತ ಸಾರಾಂಶ: ‘ಲೇಖಕರು ಬಾಲಿಯ ಕೋಳಿಗಳ ಬಗ್ಗೆ ಆಳವಾದ ಅಧ್ಯಯನ ಮಾಡಿರುತ್ತಾರೆ. ಹಲವು ಥೀಮ್‌ಗಳು ಹೊರಹೊಮ್ಮಿರುತ್ತವೆ.’ ಲೇಖನದಲ್ಲಿ ಥೀಮ್‌ಗಳ ಪಟ್ಟಿಯೇ ಇಲ್ಲವಲ್ಲ ಎಂದರೆ, ಹೊರಹೊಮ್ಮುವುದು ಥೀಮ್‌ನ ಸ್ವಭಾವ, ಇರುವುದು ಇಲ್ಲದಿರುವುದು ಅದರ ಉಪಾಧಿ ಎಂದು ಸಮಾಧಾನ.

ಸಾರಾಂಶಕ್ಕೂ ವಿಮರ್ಶೆಗೂ ಇರುವ ಸಂಬಂಧ ಸ್ಟೇಪ್ಲರ್ ಪಿನ್ನು.

ಸೂತ್ರ: ಮಾದರಿ ಚಿಕ್ಕದು, ಸಾಮಾನ್ಯೀಕರಿಸಲಾಗದು.

ವೃತ್ತಿ: ಇದು ಸರ್ವರೋಗನಿವಾರಕ ವಿಮರ್ಶೆ. ಯಾವ ಲೇಖನಕ್ಕೂ ಹೊಂದುತ್ತದೆ, ಯಾವುದನ್ನೂ ಓದಬೇಕಿಲ್ಲ. ಸಾಮಾನ್ಯೀಕರಿಸುತ್ತೇನೆಂದು ಗುಣಾತ್ಮಕ ಸಂಶೋಧನೆ ಮಾತು ಕೊಟ್ಟಿದ್ದಾದರೂ ಯಾವಾಗ ಎಂಬ ಪೂರ್ವಪಕ್ಷವುಂಟು. ಲಿಂಕನ್ ಮತ್ತು ಗೂಬಾ 1985ರಲ್ಲೇ ಆ ಹೊರೆಯನ್ನು ಇಳಿಸಿ, ಒಂದೂರಿನ ಮಾತು ಇನ್ನೊಂದೂರಿಗೆ ಒಗ್ಗುತ್ತದೆಯೇ ಎಂಬುದನ್ನು ಒಯ್ಯುವವರೇ ನೋಡಿಕೊಳ್ಳಲಿ, ಸಂಶೋಧಕ ತನ್ನ ಊರನ್ನು ದಟ್ಟವಾಗಿ ಬಣ್ಣಿಸಿದರೆ ಸಾಕು ಎಂದಿದ್ದರು. ಇದನ್ನು ನಮ್ಮ ಸಂಪ್ರದಾಯ ಒಪ್ಪದು. ನಮಗೆ ಪ್ರಮಾಣ 12. ಗೆಸ್ಟ್, ಬನ್ಸ್, ಜಾನ್ಸನ್ ಎಂಬ ಮೂವರು 2006ರಲ್ಲಿ ಪಶ್ಚಿಮ ಆಫ್ರಿಕಾದ 60 ಸಂದರ್ಶನಗಳನ್ನು ಜಾಲಾಡಿ, ಹೊಸತೆನ್ನುವುದು ಬಹುಮಟ್ಟಿಗೆ ಮೊದಲ 12ರಲ್ಲೇ ಸಿಕ್ಕಿಬಿಟ್ಟಿತು ಎಂದರು. ಒಂದೇ ಬಗೆಯ ಜನರಿದ್ದಲ್ಲಿ ಮಾತ್ರ ಎಂಬ ಅವರ ಷರತ್ತನ್ನು ಪ್ರಕ್ಷಿಪ್ತವೆಂದು ಬಿಡಲಾಗಿದೆ. ಸಂದರ್ಶನ 12ಕ್ಕಿಂತ ಕಡಿಮೆಯಿದ್ದರೆ ‘ಮಾದರಿ ಚಿಕ್ಕದು’. ಹೆಚ್ಚಿದ್ದರೆ ‘ಆಳ ಸಾಲದು’. ಸರಿಯಾಗಿ 12 ಇದ್ದರೆ ‘ಲಿಂಗ ಸಮತೋಲನವಿಲ್ಲ’.

ಈಗ ಅಪವಾದ. ಪುತ್ತೂರು ಕಡೆಯ ಒಬ್ಬ ಹುಡುಗಿ, ಅಧಿಕಾರವಿಲ್ಲದವಳು, ಲೇಖನವನ್ನು ಪೂರ್ತಿ ಓದಿದಳು. ಕೋಳಿ ಅಂಕವನ್ನೂ ಪೊಲೀಸರನ್ನೂ ಬಾಲ್ಯದಲ್ಲೇ ಕಂಡವಳು. ಅವಳು ಬರೆದದ್ದು: ‘ನಮ್ಮಲ್ಲಿ ಪೊಲೀಸರು ಬಂದಾಗ ಗದ್ದೆಯಲ್ಲಿ ಓಡಿದವರೆಲ್ಲ ಊರಿನವರಾಗುವುದಿಲ್ಲ. ಹಾಗಿದ್ದರೆ ಪೊಲೀಸರೇ ಮೊದಲು ಆಗಬೇಕಿತ್ತು, ಅವರೂ ಓಡಿರುತ್ತಾರೆ. ಓಡಿದ ಕತೆ ಬಹಳ ಚೆನ್ನಾಗಿದೆ, ಆದರೆ ಅದು ಮುಗಿದ ಮೇಲೆ ಲೇಖಕರು ಕಾಣೆಯಾಗುತ್ತಾರೆ. ಬಾಲಿಯವರು ಹೀಗೆ ಅನುಭವಿಸುತ್ತಾರೆ ಅನ್ನುತ್ತಾರೆ. ಯಾವ ಬಾಲಿಯವರು? ಕೋಳಿ ಸೋತವರನ್ನು ಕೇಳಿದ್ದಾರಾ?’

ವಿನ್ಸೆಂಟ್ ಕ್ರಪಾನ್ಜಾನೊ 1986ರಲ್ಲಿ ‘ರೈಟಿಂಗ್ ಕಲ್ಚರ್’ ಸಂಕಲನದ ತಮ್ಮ ಲೇಖನದಲ್ಲಿ ಗೀರ್ಟ್ಸ್‌ಗೆ ಹಾಕಿದ ಪಟ್ಟು ಹೆಚ್ಚುಕಡಿಮೆ ಇದೇ. ಹುಡುಗಿ ಅದನ್ನು ಓದಿರಲಿಲ್ಲ. ಮೌಲ್ಯಮಾಪಕರೂ ಓದಿರಲಿಲ್ಲವೆಂದು ಊಹಿಸಲು ಬಲವಾದ ಲಿಂಗವುಂಟು. ಕೆಂಪು ಶಾಯಿಯ ಭಾಷ್ಯ ಹೀಗಿದೆ: ‘ಮಾದರಿ ಗಾತ್ರದ ಚರ್ಚೆ ಇಲ್ಲ. ಥೀಮ್‌ಗಳನ್ನು ಪಟ್ಟಿ ಮಾಡಿಲ್ಲ. ಊರ ಸುದ್ದಿ ಬೇಡ.’ ಐದೂವರೆ ಅಂಕ. ಇಂಟರ್ನಲ್ಸ್‌ಗೆ ಮರುಮೌಲ್ಯಮಾಪನವಿಲ್ಲವೆಂಬುದು ಸಿದ್ಧಾಂತ.

ಮುಂದಿನ ಅಸೈನ್‌ಮೆಂಟ್‌ಗೆ ಅವಳಿಗೆ ಬಂದದ್ದು ಎಂ.ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ನ ಒಂದು ಅಧ್ಯಾಯ. ಮೈಸೂರು ಸೀಮೆಯ ರಾಂಪುರದಲ್ಲಿ 1948ರಲ್ಲಿ ಕೂತು ಕಲೆಹಾಕಿ, ವರ್ಷಗಟ್ಟಲೆ ಅಚ್ಚುಕಟ್ಟು ಮಾಡಿಟ್ಟ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಗೆ ಸಿಕ್ಕ ಮೇಲೆ, ಮುಖ್ಯವಾಗಿ ನೆನಪನ್ನೇ ನಂಬಿ ಬರೆದ ಪುಸ್ತಕ ಅದು. ನೆನಪು ಸಾಕ್ಷಿಯಾಗಬಲ್ಲುದೇ ಎಂಬ ಪ್ರಶ್ನೆ ಪುಟಪುಟದಲ್ಲೂ ಕಾಲಿಗೆ ತೊಡರುತ್ತದೆ. ಹುಡುಗಿ ಈ ಸಲ ಬೆಂಕಿಯ ಸುದ್ದಿಗೇ ಹೋಗಲಿಲ್ಲ. ‘ಮಾದರಿ ಚಿಕ್ಕದು. ಒಂದೇ ಹಳ್ಳಿ. ಹಲವು ಥೀಮ್‌ಗಳು ಹೊರಹೊಮ್ಮಿವೆ’ ಎಂದು ಬರೆದಳು.

ಒಂಬತ್ತು ಅಂಕ. ಪಕ್ಕದಲ್ಲಿ ‘ಗಣನೀಯ ಸುಧಾರಣೆ’ ಎಂಬ ಷರಾ.